ನಾದಿನಿಯ ಭಾನುವಾರದ ನೆಟ್

ಶಾಲೆಯ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಬೆಳಗಿನಿಂದ ಸಂಜೆಯವರೆಗೆ ನನ್ನ ಕಿವಿಗೆ ಬೀಳುವುದು ಒಂದೇ ಮಾತು: ‘ಮಿಸ್, ನೆಟ್ ಬರ್ತಿಲ್ಲ.’ ಮಕ್ಕಳು ಹೇಳುತ್ತಾರೆ, ಪಾಠ ಮಾಡುವವರು ಹೇಳುತ್ತಾರೆ, ಆಫೀಸಿನ ಗುಮಾಸ್ತರು ಹೇಳುತ್ತಾರೆ. ಹೆಡ್‌ಮಾಸ್ತರಂತೂ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ನೆಟ್ ಹೋದರೆ ತಪ್ಪು ನನ್ನದು. ಬಂದರೆ ಅದರ ಪಾಡಿಗೆ ಅದು ಬಂತು. ವೈರು ಕಿತ್ತು ಸಿಕ್ಕಿಸಿ, ನೆಟ್ಟಿನ ಪೆಟ್ಟಿಗೆ ಆರಿಸಿ ಹೊತ್ತಿಸಿ, ಪಾಸ್‌ವರ್ಡ್ ಒತ್ತಿ ಒತ್ತಿ, ಮನೆ ಸೇರುವ ಹೊತ್ತಿಗೆ ನನಗೆ ಯಾರ ಮುಖವೂ ಬೇಡವಾಗಿರುತ್ತದೆ. ಹಾಗೆ ಬಂದು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ನಾದಿನಿಯ ದನಿ ಬರುತ್ತಿತ್ತು: ‘ಅತ್ತಿಗೆ, ಒಂಚೂರು ನೆಟ್ ನೋಡ್ತೀರಾ?’

ಮೈ ಉರಿಯುತ್ತಿತ್ತು. ಸುಳ್ಳೇಕೆ ಹೇಳಲಿ? ‘ಬಂದೆ ಕಣೇ ತಾಯಿ, ಉಸಿರಾಡೋಕೆ ಬಿಡು’ ಎಂದು ಬ್ಯಾಗು ಎಸೆಯುತ್ತಿದ್ದೆ. ಎಸೆದ ಮೇಲೆ ಹೋಗಿ ನೋಡುತ್ತಲೂ ಇದ್ದೆ.

ನಾದಿನಿ ಅಂದರೆ ನಮ್ಮವರ ತಂಗಿ. ಮದುವೆಯಾಗಿ ಬೇರೆ ಊರಿಗೆ ಹೋಗಿದ್ದವಳು ಒಂದು ದಿನ ಒಂದು ಬಟ್ಟೆಯ ಚೀಲ, ಒಂದು ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ತವರಿಗೆ ವಾಪಸು ಬಂದಳು. ಗಂಡ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಹಾಗಾಗಿ ಅವಳು ಬಿಟ್ಟು ಬಂದದ್ದು ಯಾಕೆ ಎಂದು ಬಳಗದವರಿಗೆ ಇವತ್ತಿಗೂ ಅರ್ಥವಾಗಿಲ್ಲ. ನನಗೆ ಅರ್ಥವಾಗಿತ್ತು. ಆ ಮನುಷ್ಯ ಮಾತೇ ಆಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಿದ್ದ, ಮುಗಿದರೆ ಏಳುತ್ತಿದ್ದ. ಜಗಳವಾಡಬೇಕೆಂದರೂ ಎರಡು ಬಾಯಿ ಬೇಕಲ್ಲ. ‘ಗೋಡೆ ಜೊತೆ ಸಂಸಾರ ಮಾಡಿ ಸುಸ್ತಾಯ್ತು ಅತ್ತಿಗೆ’ ಎಂದಳು, ಬಂದ ಮೊದಲ ವಾರ, ತಟ್ಟೆ ತೊಳೆಯುತ್ತಾ. ಮತ್ತೆ ಆ ವಿಷಯ ಎತ್ತಲಿಲ್ಲ. ನಮ್ಮತ್ತೆ ಮಾತ್ರ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ’ ಎಂದು ಗೊಣಗುತ್ತಲೇ ಮಗಳ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಿದ್ದರು.

ನಾದಿನಿಯ ಮಗಳು ಮಾತ್ರ ಅಪ್ಪನ ಮನೆಯಲ್ಲೇ ಉಳಿದಳು. ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದು ಕರೆಯುವ ಹುಡುಗಿ. ಆಗ ಅವಳಿಗೆ ಪರೀಕ್ಷೆ ಹತ್ತಿರವಿತ್ತು. ಶಾಲೆ, ಸ್ನೇಹಿತೆಯರು, ಸಾಕಿ ಬೆಳೆಸಿದ ಅಜ್ಜಿ, ಎಲ್ಲ ಅಲ್ಲಿ. ಕೆಲಸವೊಂದು ಸಿಗಲಿ, ಬೇಗ ಕರೆಸಿಕೊಳ್ಳುತ್ತೇನೆ ಎಂದು ನಾದಿನಿ ಬಂದಿದ್ದಳು. ಕೆಲಸ ಸಿಕ್ಕಿತು. ಪರೀಕ್ಷೆ ಮುಗಿಯಿತು. ಆಮೇಲೆ ಇನ್ನೊಂದು ಪರೀಕ್ಷೆ ಬಂತು. ಇವತ್ತು ನಾಳೆ ಎನ್ನುತ್ತಾ ಗುಬ್ಬಿ ಅಲ್ಲೇ ಉದ್ದವಾದಳು.

ನಾದಿನಿ ಮಾಡುವ ಕೆಲಸ ಕೇಳಿದರೆ ಮೊದಲು ಎಲ್ಲರೂ ನಗುತ್ತಾರೆ. ಅವಳು ಹಲ್ಲಿನ ಸೆಟ್ಟು ಮಾಡುತ್ತಾಳೆ. ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಯವರ ಅಚ್ಚು ತೆಗೆದು ಇವಳಿರುವ ಲ್ಯಾಬಿಗೆ ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ವಸಡಿನ ಪ್ರತಿ ತೆಗೆಯುತ್ತಾಳೆ, ಮೇಲೆ ಗುಲಾಬಿ ಬಣ್ಣದ ಮೇಣ ಕೂರಿಸುತ್ತಾಳೆ, ಬಿಸಿ ಮಾಡಿದ ಪುಟ್ಟ ಚಾಕು ಹಿಡಿದು ಒಂದೊಂದೇ ಹಲ್ಲನ್ನು ಆ ಮೇಣದಲ್ಲಿ ನೆಡುತ್ತಾಳೆ. ಅಲ್ಲಿ ಕಿಟಕಿಯಿಲ್ಲ. ಉಜ್ಜುವ ಯಂತ್ರದ ಗುಂಯ್ ಸದ್ದು ನಿಲ್ಲುವುದೇ ಇಲ್ಲ. ಸಂಜೆ ಮನೆಗೆ ಬರುವಾಗ ಅವಳ ರೆಪ್ಪೆಯ ಕೂದಲೂ ಬಿಳಿಯಾಗಿರುತ್ತದೆ. ‘ಎಲ್ಲ ಹಲ್ಲೂ ನೆಟ್ಟಗಿದ್ರೆ ಸುಳ್ಳು ಹಲ್ಲು ಅಂತ ಗೊತ್ತಾಗಿಬಿಡುತ್ತೆ ಅತ್ತಿಗೆ, ಒಂದನ್ನ ಒಂಚೂರು ಓರೆ ಮಾಡ್ಬೇಕು’ ಎಂದು ಒಮ್ಮೆ ಹೇಳಿದ್ದಳು. ಇನ್ನು ನಮ್ಮವರಿಗೆ ತಮಾಷೆ ಬಿಟ್ಟರೆ ಬೇರೆ ಕೆಲಸವಿಲ್ಲ. ‘ಕಡಲೆ ಇದ್ದವನಿಗೆ ಹಲ್ಲಿಲ್ಲ, ಹಲ್ಲಿದ್ದವನಿಗೆ ಕಡಲೆ ಇಲ್ಲ ಅಂತಾರೆ. ನನ್ನ ತಂಗಿ ನೋಡಿ, ಡಬ್ಬಿ ತುಂಬ ಹಲ್ಲು ಇಟ್ಕೊಂಡಿದಾಳೆ’ ಎಂದು ಬಂದವರ ಮುಂದೆಲ್ಲ ಹೇಳುತ್ತಾರೆ. ಅವಳೂ ನಗುತ್ತಾಳೆ. ನಕ್ಕು ಒಳಗೆ ಹೋಗಿ ಕಾಲು ಚಾಚಿ ಗೋಡೆಗೆ ಒರಗುತ್ತಾಳೆ. ನನ್ನಷ್ಟೇ ದಣಿದವಳು ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದೊಂದೇ ನನಗಿದ್ದ ಸಮಾಧಾನ.

ಭಾನುವಾರ ಸಂಜೆ ಮಾತ್ರ ಅವಳೇ ಬೇರೆ. ಗುಬ್ಬಿಯ ಜೊತೆ ಲ್ಯಾಪ್‌ಟಾಪಿನಲ್ಲಿ ಮುಖ ನೋಡಿಕೊಂಡು ಮಾತಾಡುವ ಹೊತ್ತು ಅದು. ತಲೆಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ್ದು ಉಟ್ಟು, ಉಗುರ ಸಂದಿಯ ಪ್ಲಾಸ್ಟರನ್ನು ಪಿನ್ನಿನಿಂದ ಕೆರೆದು ತೆಗೆದು, ಮೇಜಿನ ಮುಂದೆ ಗೋಡೆಗೆ ಬೆನ್ನು ಕೊಟ್ಟು ಕೂರುವಳು. ಬೀದಿಯ ಗದ್ದಲ ಕೇಳಿಸಬಾರದೆಂದು ಕಿಟಕಿ ಮುಚ್ಚುವಳು. ಫ್ಯಾನಿನ ಸದ್ದು ಆಗಬಾರದೆಂದು ಅದನ್ನೂ ಆರಿಸುವಳು. ಬೆವರು ಇಳಿಯುತ್ತಿದ್ದರೂ ಮುಖದಲ್ಲಿ ಮದುವಣಗಿತ್ತಿಯ ಕಳೆ.

ಆ ವರ್ಷ ಅದಕ್ಕೊಂದು ದೊಡ್ಡ ಕಾರಣವೂ ಇತ್ತು. ಗುಬ್ಬಿ ಹೈಸ್ಕೂಲಿಗೆ ಸೇರಬೇಕಿತ್ತು. ಎರಡೂ ಕಡೆಯ ಹಿರಿಯರು ಕೂತು, ಮಗು ಬುದ್ಧಿ ಬಂದವಳು, ಎಲ್ಲಿ ಇರುತ್ತೇನೆ ಅಂತ ಅವಳೇ ಹೇಳಲಿ, ಹೇಳಿದ ಕಡೆ ಸೇರಿಸೋಣ, ಆಮೇಲೆ ಯಾರೂ ಚಕಾರ ಎತ್ತಬಾರದು ಎಂದು ಮಾತು ಮುಗಿಸಿದ್ದರು. ನಾದಿನಿ ಆಗಲೇ ನನ್ನ ಶಾಲೆಯಲ್ಲಿ ಸೀಟಿಗೆ ಹೇಳಿಸಿಟ್ಟಿದ್ದಳು. ಹೆಡ್‌ಮಾಸ್ತರ ಮುಂದೆ ಹಲ್ಲು ಗಿಂಜಿದವಳು ನಾನು. ತನ್ನ ಕೋಣೆಗೆ ಇನ್ನೊಂದು ಮಂಚ ತರಿಸಿದ್ದಳು. ಆ ಮಂಚ ಹಾಕಿದ ಮೇಲೆ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನಾವೆಲ್ಲ ಓರೆಯಾಗಿ ನುಸುಳಿ ಹೋಗುತ್ತಿದ್ದೆವು. ಇನ್ನು ಬೇಕಿದ್ದದ್ದು ಗುಬ್ಬಿಯ ಬಾಯಿಂದ ಒಂದು ‘ಹ್ಞೂಂ’.

ಆ ‘ಹ್ಞೂಂ’ ಬರುವಷ್ಟರಲ್ಲಿ ನೆಟ್ ಹೋಗುತ್ತಿತ್ತು.

‘ಮಾತಾಡ್ತಾ ಮಾತಾಡ್ತಾ ಹಾಗೇ ನಿಂತುಬಿಡ್ತಾಳೆ ಅತ್ತಿಗೆ. ಬಾಯಿ ತೆಗೆದಿದ್ರೆ ತೆಗೆದ ಹಾಗೇ. ಆಮೇಲೆ ಕಟ್ ಆಗುತ್ತೆ’ ಎಂದು ನಾದಿನಿ ಗೋಳಾಡಿದಳು. ಸರಿ, ಇದು ನನ್ನ ಕಸುಬು. ಲ್ಯಾಪ್‌ಟಾಪ್ ತೆಗೆದು ನೋಡಿದೆ. ಅದು ಅವಳು ಗಂಡನ ಮನೆಯಿಂದ ತಂದ ಯಂತ್ರ. ಸಿಗ್ನಲ್ ತೋರಿಸುವ ಗುರುತಿನಲ್ಲಿ ಒಂದೇ ಒಂದು ಗೆರೆ ಇತ್ತು. ಆರಿಸಿ ಹೊತ್ತಿಸಿದೆ, ವೈ-ಫೈ ಬಿಡಿಸಿ ಮತ್ತೆ ಸೇರಿಸಿದೆ, ಇನ್ನೇನೇನೋ ಮಾಡಿದೆ. ಗೆರೆ ಒಂದೇ. ನನ್ನ ಫೋನಿನಲ್ಲಿ ನೋಡಿದರೆ ಅಲ್ಲೂ ಒಂದೇ. ಎಲ್ಲಿ ಹೋಯಿತು ನಮ್ಮ ವೈ-ಫೈ ಪೆಟ್ಟಿಗೆ ಎಂದು ಹುಡುಕಿದರೆ ಹಜಾರದ ಗೂಡಿನಲ್ಲಿ ಅದಿಲ್ಲ. ವೈರಿನ ಜಾಡು ಹಿಡಿದು ಹೋದೆ. ಅದು ನಮ್ಮತ್ತೆಯ ಕೋಣೆಗೆ ಹೋಗಿ, ಕಬ್ಬಿಣದ ಬೀರುವಿನ ಬಾಗಿಲ ಸಂದಿಯಲ್ಲಿ ತೂರಿಕೊಂಡಿತ್ತು.

‘ಅತ್ತೆ, ಇದನ್ನ ಯಾಕೆ ಬೀರು ಒಳಗಿಟ್ಟಿದೀರ?’

‘ಮತ್ತೆ? ಅಷ್ಟು ಬೆಲೆಬಾಳೋ ಸಾಮಾನು ಹೊರಗೆ ಬಿಡ್ತಾರೇನಮ್ಮ? ಭಾನುವಾರ ಜನ ಬರ್ತಾರೆ, ಹೋಗ್ತಾರೆ. ಬೀಗ ಹಾಕಿಲ್ಲ, ಸುಮ್ನೆ ಬಾಗ್ಲು ಮುಂದೆ ಮಾಡಿದೀನಿ, ಗಾಳಿ ಆಡ್ಲಿ ಅಂತ.’

ನಾನು ಹಣೆ ಚಚ್ಚಿಕೊಂಡೆ. ಊರಿನ ನೆಟ್ ಸರಿ ಮಾಡುವವಳ ಮನೆಯಲ್ಲಿ ಪೆಟ್ಟಿಗೆ ಕಬ್ಬಿಣದ ಬೀರುವಿನೊಳಗೆ, ಒಗೆದಿಟ್ಟ ಹೊದಿಕೆಗಳ ನಡುವೆ. ದೀಪದ ಕೆಳಗೆ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಕಬ್ಬಿಣದೊಳಗಿಟ್ಟರೆ ಅದರ ಅಲೆ ಹೊರಗೆ ಬರುವುದಿಲ್ಲ ಎಂದು ಹೇಳಿದ್ದಕ್ಕೆ ನಮ್ಮತ್ತೆ, ‘ಬರದೆ ಏನು, ನಿನ್ ಗಂಡ ಮೊನ್ನೆ ಕ್ರಿಕೆಟ್ ನೋಡ್ತಿದ್ದ’ ಎಂದರು. ನಾನು ಪೆಟ್ಟಿಗೆಯನ್ನು ಹಜಾರದ ಎತ್ತರದ ಮೊಳೆಗೆ ನೇತುಹಾಕಿದೆ, ಅವರ ಕೈಗೆ ಎಟುಕದ ಹಾಗೆ.

ಗೆರೆಗಳೆಲ್ಲ ತುಂಬಿ ಬಂದವು. ಮುಂದಿನ ಭಾನುವಾರ ಮತ್ತೆ ಅದೇ ಕತೆ. ಈ ಸಲ ನೋಡಿದರೆ ಲ್ಯಾಪ್‌ಟಾಪ್ ನಮ್ಮ ನೆಟ್ಟಿಗೆ ಸೇರಿಯೇ ಇರಲಿಲ್ಲ. ಪಕ್ಕದ ಮನೆಯವರದಕ್ಕೆ ಅಂಟಿಕೊಂಡಿತ್ತು. ಹಿಂದೆ ನಮ್ಮ ಲೈನು ಕೆಟ್ಟಾಗ ಅವರ ಪಾಸ್‌ವರ್ಡ್ ಇಸಿದುಕೊಂಡಿದ್ದೆವು, ಯಂತ್ರ ಅದನ್ನು ನೆನಪಿಟ್ಟುಕೊಂಡಿತ್ತು. ಒಮ್ಮೆ ಉಂಡ ಮನೆ ಬಿಡದ ನೆಂಟನ ಹಾಗೆ. ಆ ಹೆಸರನ್ನು ಅಳಿಸಿದೆ. ಅದರ ಕೆಳಗೆ ಇನ್ನೊಂದು ಹೆಸರಿತ್ತು. ಅವಳ ಗಂಡನ ಮನೆಯ ನೆಟ್ಟಿನದು. ಅದನ್ನೂ ಅಳಿಸಲೆಂದು ಕೈ ಇಟ್ಟೆ.

‘ಅದು ಇರ್ಲಿ ಬಿಡಿ ಅತ್ತಿಗೆ’ ಎಂದಳು ನಾದಿನಿ.

‘ಇಟ್ಕೊಂಡು ಏನ್ಮಾಡ್ತೀಯ? ಇಲ್ಲಿ ಅದು ಸಿಗುತ್ತೇನೆ?’

‘ತೊಂದ್ರೆ ಏನಿಲ್ವಲ್ಲ. ಇರ್ಲಿ.’

ತೊಂದರೆ ಏನೂ ಇರಲಿಲ್ಲ. ಬಿಟ್ಟೆ.

ಅದರ ಮುಂದಿನ ವಾರ ನನ್ನ ಅನುಮಾನ ಮೈಕ್ರೋವೇವಿನ ಮೇಲೆ ಬಿತ್ತು. ಅದು ಓಡುವಾಗ ಹಳೆಯ ಯಂತ್ರಗಳಿಗೆ ವೈ-ಫೈ ತಡವರಿಸುತ್ತದೆ. ನಮ್ಮತ್ತೆ ಸರಿಯಾಗಿ ಅದೇ ಹೊತ್ತಿಗೆ ಮಂಡಿಗೆ ಶಾಖ ಕೊಡುವ ಚೀಲವನ್ನು ಅದರಲ್ಲಿ ಬಿಸಿ ಮಾಡುತ್ತಿದ್ದರು. ಬೇಡ ಎಂದೆ. ‘ನನ್ ಮಂಡಿಗೂ ನಿನ್ ನೆಟ್ಟಿಗೂ ಎತ್ತಣ ಸಂಬಂಧವೇ?’ ಎಂದು ಅವರು ಎರಡು ದಿನ ಮುಖ ಊದಿಸಿಕೊಂಡಿದ್ದರು. ಅವರ ಮಂಡಿ ಹಿಡಿದುಕೊಂಡಿತು, ನೆಟ್ ಮಾತ್ರ ಸರಿಹೋಗಲಿಲ್ಲ. ಕೊನೆಗೆ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಉದ್ದನೆಯ ವೈರನ್ನು ಹೇಳಿ ಕೇಳಿ ತಂದು, ಹಜಾರದ ಪೆಟ್ಟಿಗೆಯಿಂದ ನೇರವಾಗಿ ಲ್ಯಾಪ್‌ಟಾಪಿಗೇ ಸಿಕ್ಕಿಸಿದೆ. ಈಗ ಗಾಳಿಯ ಮಾತೇ ಇಲ್ಲ. ವೈರು ಕಾಲಿಗೆ ತೊಡರಿ ನಮ್ಮವರು ಒಮ್ಮೆ ಮುಗ್ಗರಿಸಿದರು, ನನಗೂ ನನ್ನ ಕಸುಬಿಗೂ ಸೇರಿಸಿ ಬೈದರು. ಬೈಯಲಿ ಎಂದು ವೈರನ್ನು ಗೋಡೆಯ ಬದಿಗೆ ಸರಿಸಿದೆ.

ಆ ಭಾನುವಾರವೂ ಗುಬ್ಬಿ ಮಾತಿನ ನಡುವೆ ನಿಂತುಬಿಟ್ಟಳಂತೆ.

ಹಾಗಾದರೆ ಕೆಟ್ಟಿರುವುದು ಆ ಕಡೆ. ಗುಬ್ಬಿಯ ಅಪ್ಪನಿಗೆ ನಾನೇ ಫೋನ್ ಮಾಡಿದೆ. ‘ನಿಮ್ಮಲ್ಲಿ ನೆಟ್ ಹೇಗಿದೆ?’ ಎಂದು ಕೇಳಿದೆ. ‘ಚೆನ್ನಾಗಿದೆ’ ಎಂದ. ‘ನಿಂತು ನಿಂತು ಹೋಗುತ್ತಾ?’ ಎಂದೆ. ‘ಇಲ್ಲ’ ಎಂದ. ಫೋನ್ ಇಟ್ಟ. ಆ ಬಾಯಿಂದ ಅಷ್ಟು ಬಂದದ್ದೇ ಹೆಚ್ಚು.

ಇನ್ನು ಉಳಿದದ್ದು ಒಂದೇ ದಾರಿ: ಪಕ್ಕದಲ್ಲಿ ಕೂತು ಕಣ್ಣಾರೆ ನೋಡುವುದು. ಮುಂದಿನ ಭಾನುವಾರ ಸ್ಟೂಲು ಎಳೆದುಕೊಂಡು ಮೇಜಿನ ಮಗ್ಗುಲಲ್ಲಿ ಕೂತೆ. ಗುಬ್ಬಿ ಬಂದಳು. ಎಷ್ಟು ಎತ್ತರ ಆಗಿದ್ದಾಳೆ, ಅಮ್ಮನದೇ ಮೂಗು. ‘ಅತ್ತೆ, ಹೇಗಿದೀರಾ?’ ಎಂದು ನನ್ನನ್ನು ಕೇಳಿದಳು. ಮಾತು ಶುರುವಾಯಿತು. ಮಾತೆಂದರೆ ಏನು? ‘ನಾನು ಕಾಣಿಸ್ತಿದೀನಾ? ಈಗ ಕೇಳಿಸ್ತಿದೆಯಾ? ಊಟ ಆಯ್ತಾ? ಓದ್ತಿದೀಯಾ?’ ಎಂದು ನಾದಿನಿ, ‘ಹ್ಞೂಂ ಅಮ್ಮ, ಹ್ಞೂಂ ಅಮ್ಮ’ ಎಂದು ಗುಬ್ಬಿ. ನನಗೆ ಆಕಳಿಕೆ ಬಂತು. ಅಷ್ಟರಲ್ಲಿ ನಾದಿನಿ ಸ್ವಲ್ಪ ಮುಂದೆ ಬಾಗಿ, ದನಿ ಇಳಿಸಿ ಕೇಳಿದಳು, ‘ರಜೆ ಶುರುವಾದ ತಕ್ಷಣ ಬರ್ತೀಯ ಅಲ್ವಾ ಗುಬ್ಬಿ? ಇಲ್ಲೇ ಸ್ಕೂಲಿಗೆ ಸೇರ್ತೀಯ ತಾನೇ?’

ಗುಬ್ಬಿ ನಿಂತುಬಿಟ್ಟಳು. ಬಾಯಿ ಅರ್ಧ ತೆರೆದು, ಕಣ್ಣು ಒಂದೇ ಕಡೆ.

‘ನೋಡಿ ಅತ್ತಿಗೆ, ನೋಡಿ, ಇದೇ! ಗುಬ್ಬಿ? ಗುಬ್ಬೀ? ಕೇಳಿಸ್ತಿದೆಯಾ?’

ನಾನು ಗುಂಡಿ ಒತ್ತಲೆಂದು ಕೈ ಚಾಚಿದವಳು ಹಾಗೇ ಉಳಿದೆ. ಹುಡುಗಿಯ ಬೆನ್ನ ಹಿಂದೆ ಗೋಡೆಯ ಮೇಲೆ ಒಂದು ಕ್ಯಾಲೆಂಡರು ಇತ್ತು. ಫ್ಯಾನಿನ ಗಾಳಿಗೆ ಅದರ ಹಾಳೆ ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಗುಬ್ಬಿಯ ಕೆಳತುಟಿ ಸಣ್ಣಗೆ ನಡುಗುತ್ತಿತ್ತು. ಆಮೇಲೆ ಅವಳದೇ ಒಂದು ಕೈ ಮೆಲ್ಲಗೆ ಕೆಳಗಿನಿಂದ ಬಂದು, ಕರೆ ಕಟ್ಟಾಯಿತು.

ನೆಟ್ಟಿಗೆ ಏನೂ ಆಗಿರಲಿಲ್ಲ. ಮೊದಲಿನಿಂದಲೂ ಏನೂ ಆಗಿರಲಿಲ್ಲವೋ ಏನೋ. ನನಗೆ ಆ ಹುಡುಗಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೇಣುದ್ದದ ಹುಡುಗಿ, ಎಂಥಾ ನಾಟಕ! ಇಲ್ಲಿ ಇವಳು ಉಪವಾಸ ಕೂತವಳ ಹಾಗೆ ಕಾಯುತ್ತಾಳೆ, ನಾನು ಗೋಡೆಗೆ ಮೊಳೆ ಹೊಡೆಯುತ್ತೇನೆ, ಮುದುಕಿ ಮಂಡಿ ಹಿಡಿದುಕೊಂಡು ನರಳುತ್ತಾರೆ, ಅಲ್ಲಿ ಅವಳು ಬೊಂಬೆಯಾಗಿ ಕೂರುತ್ತಾಳೆ. ಆದರೆ ಆ ತುಟಿ ನೆನಪಾಗಿ ಸಿಟ್ಟು ಪೂರ್ತಿ ಏರಲೂ ಇಲ್ಲ. ಯಾರಿಗೂ ಹೇಳದೆ ನುಂಗಿಕೊಂಡೆ.

ಎಷ್ಟು ದಿನ ನುಂಗಲಿ? ನಾದಿನಿ ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತೇನೆ ಎಂದು ಲ್ಯಾಬಿನಲ್ಲಿ ರಜೆಯ ದಿನವೂ ದುಡಿಯತೊಡಗಿದಳು. ಕಣ್ಣು ಕೆಂಪಗೆ, ಬೆರಳ ತುದಿಯಲ್ಲಿ ಬಿಸಿ ಮೇಣದ ಬೊಬ್ಬೆ. ಒಂದು ಸಂಜೆ ತಟ್ಟೆಯ ಮುಂದೆ ಕೂತವಳು ತುತ್ತು ಎತ್ತುವಾಗಲೇ ತೂಕಡಿಸಿದಳು. ‘ಯಾವ್ದು ತಗೊಂಡ್ರೆ ನೆಟ್ ಗಟ್ಟಿಯಾಗಿ ಹಿಡಿಯುತ್ತೆ ಅತ್ತಿಗೆ? ನೀವೇ ಹೇಳಿ, ಅದನ್ನೇ ತರೋಣ’ ಎಂದಳು.

ನನ್ನ ನಾಲಗೆಗೆ ಮೂಳೆಯಿಲ್ಲ. ಹೇಳಿಬಿಟ್ಟೆ.

‘ಯಾವ್ದು ತಂದ್ರೂ ಅಷ್ಟೇ ಕಣೇ. ನೆಟ್ ಚೆನ್ನಾಗೇ ಇದೆ. ಅವಳೇ ಅಲ್ಲಾಡದೆ ಕೂರ್ತಾಳೆ. ಹಿಂದೆ ಕ್ಯಾಲೆಂಡರ್ ಹಾರ್ತಿತ್ತು, ನಾನೇ ನೋಡ್ದೆ. ನೀನು ಬರ್ತೀಯಾ ಅಂತ ಕೇಳಿದ ಕೂಡ್ಲೇ ಹಾಗೆ ಮಾಡ್ತಾಳೆ.’

ನಾದಿನಿ ತುತ್ತು ಕೆಳಗಿಟ್ಟಳು. ‘ಏನು ಅತ್ತಿಗೆ ನೀವು ಹೇಳ್ತಿರೋದು?’

‘ಇದ್ದದ್ದನ್ನ ಹೇಳ್ತಿದೀನಿ.’

‘ನನ್ ಮಗಳು ನನಗೇ ನಾಟಕ ಆಡ್ತಾಳೆ ಅಂತೀರಾ?’ ದನಿ ಏರಿತು. ‘ನಿಮ್ಗೆ ಅವಳು ಇಲ್ಲಿಗೆ ಬರೋದು ಇಷ್ಟ ಇಲ್ಲ, ಅದನ್ನ ನೇರವಾಗಿ ಹೇಳಿ. ಮನೇಲಿ ಒಂದು ಬಾಯಿ ಜಾಸ್ತಿ ಆಗುತ್ತೆ. ಆ ಮಂಚ ತಂದ ದಿನ್ದಿಂದ ನೋಡ್ತಿದೀನಿ ನಿಮ್ಮ ಮುಖಾನ.’

‘ಬಾಗಿಲು ತೆಗೆಯೋಕೆ ಆಗದೆ ಇದ್ರೆ ಮುಖ ಇನ್ನು ಹೇಗಿರ್ಬೇಕೇ?’ ಎಂದು ನಾನೂ ಕೂಗಿದೆ. ನಮ್ಮತ್ತೆ ನಡುವೆ ಬಂದು ಇಬ್ಬರ ತಟ್ಟೆಯನ್ನೂ ಎತ್ತಿಕೊಂಡು ಹೋದರು. ಉಪಕಾರ ಮಾಡಲು ಹೋಗಿ ಉಗಿಸಿಕೊಂಡೆನಲ್ಲ ಎಂದು ನನಗೆ ಅಳು ಬಂತು. ಆ ವಾರವೆಲ್ಲ ನಾವಿಬ್ಬರೂ ಮಾತಾಡಲಿಲ್ಲ. ‘ಅಮ್ಮ, ಉಪ್ಪು ಎಲ್ಲಿದೆ ಅಂತ ಅತ್ತಿಗೇನ ಕೇಳು’ ಎಂದು ಅವಳು, ‘ಕಣ್ಣು ಮುಂದೇ ಇದೆ ಅಂತ ಹೇಳಿ ಅತ್ತೆ’ ಎಂದು ನಾನು. ನಮ್ಮತ್ತೆ ಮಾತ್ರ ಆ ವಾರ ಯಾರಿಗೂ ಹೆದರದೆ ಮೈಕ್ರೋವೇವ್ ಹಾಕಿದರು.

ಭಾನುವಾರ ಬಂತು. ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನಾದಿನಿ ಬಾಗಿಲಿಗೆ ಬಂದು ನಿಂತಳು. ತಲೆಗೆ ನೀರು ಹಾಕಿಕೊಂಡಿದ್ದಳು, ಇಸ್ತ್ರಿ ಮಾಡಿದ್ದು ಉಟ್ಟಿದ್ದಳು. ಆದರೆ ಮುಖದಲ್ಲಿ ಕಳೆಯಿರಲಿಲ್ಲ.

‘ಬನ್ನಿ ಅತ್ತಿಗೆ. ಜೊತೇಲಿ ಕೂತ್ಕೊಳ್ಳಿ.’

‘ನಾನ್ಯಾಕೆ?’

‘ಒಬ್ಬಳೇ ನೋಡೋಕೆ ಭಯ ಆಗ್ತಿದೆ.’

ಆ ಮಾತಿಗೆ ನನ್ನ ಬಿಗುಮಾನವೆಲ್ಲ ಇಳಿಯಿತು. ಸೊಪ್ಪು ಅಲ್ಲೇ ಬಿಟ್ಟು, ಓರೆಯಾಗಿ ಬಾಗಿಲು ನುಸುಳಿ, ಈ ಸಲ ಲ್ಯಾಪ್‌ಟಾಪಿನ ಕಣ್ಣಿಗೆ ಬೀಳದ ಹಾಗೆ ಅವಳ ಕಾಲ ಬಳಿ ನೆಲದ ಮೇಲೆ ಕೂತೆ. ಅಲ್ಲಿಂದ ಪರದೆಯೂ ಕಾಣುತ್ತಿತ್ತು, ನಾದಿನಿಯ ಮುಖವೂ ಕಾಣುತ್ತಿತ್ತು. ಕಿಟಕಿ ಮುಚ್ಚಿತ್ತು. ಫ್ಯಾನು ನಿಂತಿತ್ತು.

ಗುಬ್ಬಿ ಬಂದಳು. ಊಟ ಆಯ್ತಾ, ಓದ್ತಿದೀಯಾ, ಹ್ಞೂಂ ಅಮ್ಮ. ನಾದಿನಿಯ ಕಣ್ಣು ಆಗಲೇ ಆ ಕ್ಯಾಲೆಂಡರಿನ ಮೇಲಿತ್ತು. ಕೇಳಲೋ ಬೇಡವೋ ಎಂದು ಅವಳು ಒದ್ದಾಡುವುದು ನನಗೆ ಗೊತ್ತಾಗುತ್ತಿತ್ತು. ಬೇಡ ಕಣೇ, ಇವತ್ತೊಂದು ದಿನ ಬಿಡು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಕೇಳಿದಳು. ‘ರಜೆಗೆ ಬರ್ತೀಯ ಅಲ್ವಾ ಗುಬ್ಬಿ?’

ಗುಬ್ಬಿ ನಿಂತಳು. ಹಿಂದೆ ಹಾಳೆ ಎದ್ದಿತು, ಬಿತ್ತು, ಎದ್ದಿತು.

ನಾದಿನಿ ಅದನ್ನು ನೋಡಿದಳು. ಎಂದಿನಂತೆ ಕೂಗಲಿಲ್ಲ, ಕರೆಯಲಿಲ್ಲ. ಕೂತಲ್ಲೇ ಕಲ್ಲಾದಳು. ಇದು ನಾಟಕವಲ್ಲ, ಎದೆಗೆ ಒದ್ದರೆ ಮನುಷ್ಯ ಹೇಗೆ ಉಸಿರು ಬಿಡಲಾಗದೆ ನಿಲ್ಲುತ್ತಾನೋ ಹಾಗೆ. ಮುಚ್ಚಿದ ಕೋಣೆಯಲ್ಲಿ ಗಾಳಿಯಿಲ್ಲ, ಹಿಂದೆ ಬೋಳು ಗೋಡೆ, ಒಂದು ಕೂದಲೂ ಅಲ್ಲಾಡಲಿಲ್ಲ. ತಾಯಿ ಮಗಳು ಇಬ್ಬರೂ ಎರಡು ಫೋಟೋಗಳ ಹಾಗೆ ಎದುರುಬದುರು.

ಮೊದಲು ಸೋತವಳು ಗುಬ್ಬಿ. ಕಣ್ಣು ಪಿಳುಕಿಸಿದಳು. ‘ಅಮ್ಮಾ?’ ಎಂದಳು. ‘ಅಮ್ಮಾ, ಕೇಳಿಸ್ತಿದೆಯಾ?’ ನಾದಿನಿ ಅಲುಗಲಿಲ್ಲ. ಹುಡುಗಿ ಪರದೆಯ ಹತ್ತಿರ ಬಂದು ನೋಡಿ, ಉಸ್ಸೆಂದು ಹಿಂದಕ್ಕೆ ಒರಗಿದಳು. ನಿಜವಾಗಿಯೂ ನೆಟ್ ಹೋಯಿತು ಎಂದುಕೊಂಡಿತು ಪಾಪದ್ದು. ಅಂಗೈಯಿಂದ ಕಣ್ಣು ಉಜ್ಜಿಕೊಂಡಳು.

ಆ ಕಡೆ ಒಳಗಿನಿಂದ ಮುದುಕಿಯೊಬ್ಬರ ದನಿ ಕೇಳಿಸಿತು. ಗುಬ್ಬಿಯ ಅಜ್ಜಿ. ‘ಏನಂತಾಳೆ ನಿಮ್ಮಮ್ಮ?’

‘ನೆಟ್ ಹೋಯ್ತಜ್ಜಿ.’

‘ಇವತ್ತಾದ್ರೂ ಹೇಳಿದ್ಯೇನೇ?’

‘ಇಲ್ಲ.’

‘ಎಷ್ಟು ದಿನ ಮುಚ್ಚಿಡ್ತೀಯ? ಅಲ್ಲಿ ಅವಳು ಕಾಯ್ತಿರ್ತಾಳೆ, ಪಾಪ.’

‘ನಂಗೆ ಹೇಳೋಕಾಗಲ್ಲ ಅಜ್ಜಿ’ ಎಂದಳು ಗುಬ್ಬಿ. ಅಳು ಒತ್ತಿ ಬರುತ್ತಿತ್ತು. ‘ಬರಲ್ಲ ಅಂದ್ರೆ ಅಮ್ಮ ಅಳ್ತಾಳೆ. ನಾನೂ ಅವಳನ್ನ ಬೇಡ ಅಂದ ಹಾಗಾಗುತ್ತೆ. ನಂಗೆ ಅಮ್ಮ ಬೇಕು. ಆದ್ರೆ ಆ ಊರು ಬೇಡ, ಆ ಸ್ಕೂಲ್ ಬೇಡ. ನಾನು ಹೋದ್ರೆ ಅಪ್ಪ ಯಾರ ಹತ್ರ ಮಾತಾಡ್ತಾನೆ? ನನ್ ಹತ್ರ ಒಂಚೂರಾದ್ರೂ ಆಡ್ತಾನೆ.’ ಮೂಗು ಒರೆಸಿಕೊಂಡಳು. ‘ಬರೋದು ಬೇಡ ಅಂತ ಅಮ್ಮನೇ ಹೇಳಿಬಿಟ್ರೆ ಎಷ್ಟು ಚೆನ್ನಾಗಿರುತ್ತೆ.’

ನಾನು ಮೇಲೆ ನೋಡಿದೆ. ನಾದಿನಿ ಹಾಗೇ ಕೂತಿದ್ದಳು. ಈಗ ಅಲ್ಲಾಡಿದರೆ ಮಗಳಿಗೆ ಗೊತ್ತಾಗಿಬಿಡುತ್ತದೆ, ಇಷ್ಟೂ ಕೇಳಿಸಿತು ಎಂದು. ರೆಪ್ಪೆ ಬಡಿಯಲಿಲ್ಲ. ಕಣ್ಣು ತುಂಬಿಕೊಂಡು ನೀರು ಅಂಚಿಗೆ ಬಂದು ನಿಂತಿತ್ತು. ಮೇಜಿನ ಕೆಳಗೆ ಅವಳ ಕೈ ತಡಕಾಡಿ ನನ್ನ ಕೈ ಹಿಡಿಯಿತು. ದಿನವೂ ಪ್ಲಾಸ್ಟರ್ ಒಡೆಯುವ ಕೈ ಅದು. ನನ್ನ ಬೆರಳು ನುಚ್ಚಾಗುವಂತೆ ಹಿಸುಕಿದಳು.

ಗುಬ್ಬಿ ಅಜ್ಜಿಯ ಕಡೆ ತಿರುಗಿದ ಒಂದು ಗಳಿಗೆಯಲ್ಲಿ ನಾದಿನಿ ಸರಕ್ಕನೆ ಮುಖ ಒರೆಸಿಕೊಂಡಳು. ಗಂಟಲು ಸರಿ ಮಾಡಿಕೊಂಡು, ‘ಹಲೋ? ಗುಬ್ಬಿ? ಈಗ ಬಂತಾ?’ ಎಂದಳು.

ಹುಡುಗಿ ಬೆಚ್ಚಿ ತಿರುಗಿದಳು. ‘ಹ್ಞಾಂ ಅಮ್ಮ. ಬಂತು. ನೆಟ್ ಹೋಗಿತ್ತು.’

‘ಇಲ್ಲೂ ಹೋಗಿತ್ತು ಕಣೇ. ನಾನೇನೋ ಕೇಳ್ತಿದ್ದೆ, ನಿಂಗೆ ಕೇಳಿಸ್ಲಿಲ್ಲ ಅನ್ಸುತ್ತೆ.’

‘ಇಲ್ಲಮ್ಮ, ಕೇಳಿಸ್ಲಿಲ್ಲ.’

‘ಅದು ಬಿಡು. ಒಂದು ವಿಷಯ ಹೇಳ್ಬೇಕು, ನೀನು ಬೇಜಾರು ಮಾಡ್ಕೋಬಾರ್ದು.’ ನಾದಿನಿ ನೆಟ್ಟಗೆ ಕೂತಳು. ‘ಈ ವರ್ಷ ನೀನು ಇಲ್ಲಿಗೆ ಬರೋದು ಬೇಡ ಗುಬ್ಬಿ. ನಂಗೆ ಲ್ಯಾಬಲ್ಲಿ ಸಿಕ್ಕಾಪಟ್ಟೆ ಕೆಲಸ. ಬೆಳಿಗ್ಗೆ ಹೋದ್ರೆ ಕತ್ತಲಾದ್ಮೇಲೇ ಬರೋದು. ನಿನ್ನ ನೋಡ್ಕೊಳ್ಳೋಕೆ ಆಗಲ್ಲ. ನಿಮ್ಮತ್ತೆ ಸ್ಕೂಲಲ್ಲಿ ಸೀಟೂ ಇಲ್ಲ ಅಂದ್ಬಿಟ್ರು. ನೀನು ಅಲ್ಲೇ ಹೈಸ್ಕೂಲ್ ಸೇರು. ನಾನೇ ಆಗಾಗ ಬಂದು ನೋಡ್ಕೊಂಡು ಹೋಗ್ತೀನಿ. ಬೇಜಾರಾಯ್ತಾ?’

ಗುಬ್ಬಿಯ ಮುಖ ನೋಡಬೇಕಿತ್ತು. ದುಃಖ ತೋರಿಸಲು ಎಷ್ಟು ಒದ್ದಾಡಿದರೂ ಅದು ಬಾರದು. ‘ಹೌದಾ ಅಮ್ಮ? ಸೀಟ್ ಇಲ್ವಾ? ಪರ್ವಾಗಿಲ್ಲಮ್ಮ’ ಎಂದಳು. ಅವಳ ಭುಜಗಳು ಇಳಿದವು. ಆಮೇಲೆ ಶುರುವಾಯಿತು ನೋಡಿ ಮಾತು. ಸ್ನೇಹಿತೆಯ ಜೊತೆ ಮುನಿಸು, ಗಣಿತದ ಟೀಚರು ನಡೆಯುವ ರೀತಿ, ಅಪ್ಪ ಅಡುಗೆ ಮಾಡಲು ಹೋಗಿ ಬಾಣಲೆ ಸುಟ್ಟದ್ದು. ಎದ್ದು ನಿಂತು ಗಣಿತದ ಟೀಚರ ಹಾಗೆ ನಡೆದು ತೋರಿಸಿದಳು. ನಾದಿನಿ ನಗಬೇಕಾದಲ್ಲಿ ನಕ್ಕಳು, ‘ಅಯ್ಯೋ ಹೌದೇನೇ’ ಅನ್ನಬೇಕಾದಲ್ಲಿ ಅಂದಳು. ಅಷ್ಟು ಹೊತ್ತು ಅವರಿಬ್ಬರೂ ಎಂದೂ ಮಾತಾಡಿರಲಿಲ್ಲ. ಒಂದು ಸಲವೂ ಚಿತ್ರ ನಿಲ್ಲಲಿಲ್ಲ. ಮೇಜಿನ ಕೆಳಗಿನ ಕೈಯನ್ನು ಅವಳು ಕೊನೆಯವರೆಗೂ ಬಿಡಲಿಲ್ಲ.

ಕರೆ ಮುಗಿಯಿತು. ನಾದಿನಿ ಲ್ಯಾಪ್‌ಟಾಪ್ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟು ಕೂತಳು. ನಮ್ಮತ್ತೆ ಮಂಡಿ ಹಿಡಿದುಕೊಂಡು ಬಾಗಿಲಿಗೆ ಬಂದರು.

‘ಇವತ್ತು ಬಾಳಾ ಹೊತ್ತು ಮಾತಾಡಿದ್ಳಲ್ಲ! ಏನಂದ್ಳು? ಬರ್ತಾಳಂತಾ?’

‘ಇಲ್ಲಮ್ಮ. ನಾನೇ ಬೇಡ ಅಂದೆ.’

‘ಏನಂದೆ?’

‘ಕೆಲಸ ಜಾಸ್ತಿ ಇದೆ. ನನ್ ಕೈಲಿ ಆಗಲ್ಲ. ಅದಕ್ಕೇ ಬೇಡ ಅಂದೆ.’

ನಮ್ಮತ್ತೆ ಮಂಡಿ ಬಿಟ್ಟು ಸೊಂಟಕ್ಕೆ ಕೈ ಕೊಟ್ಟು ನಿಂತರು. ಶುರುವಾದ ಬಾಯಿ ನಿಲ್ಲಲಿಲ್ಲ. ‘ಹೆತ್ತ ಕರುಳೇನೇ ನಿಂದು? ಕೂಸು ಬರ್ತೀನಿ ಅಂತ ಕಾಯ್ತಿದ್ರೆ ಬೇಡ ಅಂದ್ಯಾ? ನಾಳೆ ಜನ ಏನಂತಾರೆ? ಗಂಡನ್ನೂ ಬಿಟ್ಳು, ಮಗೂನೂ ಬಿಟ್ಳು ಅನ್ನಲ್ವೇನೇ? ಇಂಥವಳನ್ನ ಹೆತ್ತೆನಲ್ಲ ನಾನು!’

ನಾಲಗೆಯ ತುದಿಗೆ ಬಂದಿತ್ತು. ‘ಅತ್ತೆ, ಸುಮ್ನಿರಿ, ನಿಮ್ಗೆ ಗೊತ್ತಿಲ್ಲ’ ಎಂದು ನಾನು ಎದ್ದೇ ಬಿಟ್ಟೆ. ನಾದಿನಿ ತಿರುಗಿ ನನ್ನನ್ನು ಒಂದು ಸಲ ನೋಡಿದಳು, ಅಷ್ಟೇ. ಬಾಯಿ ಮುಚ್ಚಿಕೊಂಡೆ. ನನ್ನಂಥವಳಿಗೆ ಅದೆಷ್ಟು ಕಷ್ಟವೆಂದು ನಮ್ಮ ಮನೆಯವರನ್ನು ಕೇಳಿ.

‘ಬೈಯಮ್ಮ, ಪರ್ವಾಗಿಲ್ಲ’ ಎಂದಳು ಅವಳು, ಮೆಲ್ಲಗೆ. ‘ಆದ್ರೆ ಗುಬ್ಬಿ ಯಾವಾಗ್ಲಾದ್ರೂ ನಿನ್ನ ಕೇಳಿದ್ರೆ ನೀನೂ ಹೀಗೇ ಹೇಳ್ಬೇಕು. ಅಮ್ಮನೇ ಬೇಡ ಅಂದ್ಳು ಅಂತ.’